ಸ್ಟಾರ್ಟರ್ ಡಬ್ಬಿಯ ಮೇಲಿನ ಗೀಟುಗಳು

ಅಪ್ಪ ತೀರಿಕೊಂಡ ಮೇಲೆ ಕಬನೂರಿನ ನಮ್ಮ ಮನೆಯ ನಾಲ್ಕೂ ಪವರ್‌ಲೂಮ್ ಮಗ್ಗಗಳು ಗುಜರಿಗೆ ಹೋದವು. ಉಳಿದದ್ದು ಒಂದು ಸ್ಟಾರ್ಟರ್ ಡಬ್ಬಿ, ಮಗ್ಗ ಚಾಲೂ ಮಾಡುವ ಗುಂಡಿಗಳಿದ್ದ ಅಂಗೈಯಗಲದ ಕಬ್ಬಿಣದ ಪೆಟ್ಟಿಗೆ. ಅವ್ವ ಅದನ್ನು ದೇವರ ಜಗಲಿಯ ಕೆಳಗೆ ಇಟ್ಟಿದ್ದಳು. ಪ್ರತಿ ಖಂಡೇನವಮಿಗೆ ಅಪ್ಪ ಡಬ್ಬಿಗೆ ಎಣ್ಣೆ ಸವರಿ, ಕುಂಕುಮ ಹಚ್ಚಿ, ಅದರ ಮೇಲೆ ಬಿಳಿ ಆಯಿಲ್ ಪೇಂಟಿನಲ್ಲಿ ಮೂರು ಬೆರಳಿಂದ ವಿಭೂತಿ ಎಳೆಯುತ್ತಿದ್ದ. ನಿಜವಾದ ವಿಭೂತಿ ಮಗ್ಗದ ನಡುಕಕ್ಕೆ ಸಂಜೆಯೊಳಗೆ ಉದುರಿಹೋಗುತ್ತಿತ್ತು, ಅದಕ್ಕೇ ಪೇಂಟು.

ನಾನು ಮೋಟಾರ್ ವೈಂಡಿಂಗ್ ಮಾಡುವವನು. ಲಗ್ನದ ಸೀಸನ್ನಿನಲ್ಲಿ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತೇನೆ. ಗಿಟಾರಿನ ನಾದವನ್ನು ಒಡೆದು ಗರಗರ ಎನ್ನಿಸುವ ಫಝ್ ಪೆಡಲನ್ನು ನನ್ನ ಕೈಯಾರೆ ಮಾಡಬೇಕೆಂಬ ಹುಚ್ಚು ಹತ್ತಿತು. ಕೊಲ್ಹಾಪುರಕ್ಕೆ ಹೋಗಿ ಟ್ರಾನ್ಸಿಸ್ಟರ್, ಕಾಲಿನಿಂದ ಒತ್ತುವ ಸ್ವಿಚ್ಚು ಎಲ್ಲ ತಂದೆ. ಅವನ್ನೆಲ್ಲ ಕೂಡಿಸಲು ಗುಂಡಿಗಳ ತೂತು ಮೊದಲೇ ಇದ್ದ ಡಬ್ಬಿ ಮನೆಯಲ್ಲೇ ಇತ್ತಲ್ಲ.

“ಕಾಲಿಲೆ ತುಳ್ಯಾಂವೇನ ಅದನ್ನ?” ಎಂದಳು ಅವ್ವ.

“ಸ್ವಿಚ್ಚ್ ಅಷ್ಟ ಒತ್ತತೇನಿ ಬೇ. ಈಬತ್ತಿ ಮುಂದಿನ ಮೈಗೆ ಐತಿ, ಕಾಲ ತಾಗಂಗಿಲ್ಲ.”

“ಒಯ್ಯಿ. ಆದ್ರ ಈಬತ್ತಿ ಅಳಿಸಬ್ಯಾಡ. ನಿಮ್ಮಪ್ಪನ ಕೈ ಗುರ್ತು ಅಂತ ಮನ್ಯಾಗ ಅದೊಂದ ಉಳದೈತಿ.”

ಬಣ್ಣ ಹಚ್ಚುವ ಮೊದಲು ಒಮ್ಮೆ ಜೋಡಿಸಿ ಕರೆಂಟು ಕೊಟ್ಟೆ. ಗಿಟಾರ್ ಮುಟ್ಟದಿದ್ದರೂ ಸ್ಪೀಕರಿನಿಂದ ಗುಂಯ್ ಎಂಬ ಸದ್ದು ಎದ್ದಿತು. ಅವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು. “ಮಗ್ಗ ಚಾಲೂ ಆತೇನೋ?” ಎಂದವಳು, ಎಣ್ಣೆ ಕುಡಿದು ಕಪ್ಪಾದ ನೆಲದ ಆ ನಾಲ್ಕು ಖಾಲಿ ಜಾಗಗಳನ್ನು ನೋಡುತ್ತ ನಿಂತಳು. ಡಬ್ಬಿಯ ಮೇಲೆ ಅಂಗೈ ಇಟ್ಟರೆ ಸದ್ದು ಅಡಗುತ್ತಿತ್ತು, ತೆಗೆದರೆ ಮತ್ತೆ ಬರುತ್ತಿತ್ತು. ಅರ್ಥ್ ವೈರ್ ಕೊಟ್ಟಿರಲಿಲ್ಲ, ಅಷ್ಟೇ ಕಾರಣ. ಗೊತ್ತಿದ್ದೂ ಹೆದರಿದೆ. ಆದರೂ ಆ ಸದ್ದು ನಿಂತುಹೋಗುತ್ತದೆಂದು, ವೈರನ್ನು ಬೆಸೆಯಲು ಎರಡು ದಿನ ಮನಸ್ಸಾಗಲಿಲ್ಲ.

ರವಿವಾರ ಗಡಹಿಂಗ್ಲಜದಲ್ಲಿ ಪ್ರೋಗ್ರಾಮು. ಶನಿವಾರ ಮಧ್ಯಾಹ್ನ ಅವ್ವ ಯಡ್ರಾವಿಗೆ ತನ್ನ ತಂಗಿಯ ಮನೆಗೆ ಹೋಗಿದ್ದಾಗ, ಗೀಟುಗಳು ಪೂರ್ತಿ ಮುಚ್ಚುವಂತೆ ಅಗಲವಾದ ಟೇಪ್ ಅಂಟಿಸಿ ಅಂಗಳದಲ್ಲಿ ನೀಲಿ ಬಣ್ಣ ಸ್ಪ್ರೇ ಮಾಡಿದೆ. ಬಣ್ಣ ಬಲು ಚೆನ್ನಾಗಿ ಕೂತಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನಿ. ಒಣಗಿದ ಮೇಲೆ ಟೇಪ್ ಎಳೆದೆ. ಗೀಟುಗಳೂ ಅದರ ಜೊತೆಗೇ ಎದ್ದು ಬಂದವು.

ಅಪ್ಪ ವರ್ಷವರ್ಷವೂ ಎಣ್ಣೆ, ಕುಂಕುಮದ ಮೇಲೆಯೇ ಪೇಂಟು ಎಳೆದಿದ್ದ. ಅದು ಕಬ್ಬಿಣವನ್ನು ಹಿಡಿದಿರಲೇ ಇಲ್ಲ. ಇದು ನನಗೆ ಹೊಳೆಯಬೇಕಿತ್ತು. ಟೇಪ್ ಮಡಚಿಕೊಂಡು ತನಗೆ ತಾನೇ ಅಂಟಿಕೊಂಡಿತು. ಬಿಡಿಸಲು ಹೋದರೆ ಬಿಳಿ ಹಕ್ಕಳೆಗಳು ಉದುರಿದವು. ನನ್ನ ಮೇಲೆ ನನಗೇ ಹೇಸಿಕೆ ಬಂತು.

ಆದರೂ ಮಾಡಿದ್ದೇನು? ಬಿಳಿ ಪೇಂಟಿನ ಡಬ್ಬ ತೆರೆದು, ಅದೇ ಜಾಗದಲ್ಲಿ ನನ್ನ ಮೂರು ಬೆರಳು ಎಳೆದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಸಂಜೆ ಅವ್ವ ಚಪ್ಪಲಿ ಬಿಡುವಷ್ಟರಲ್ಲೇ ನಾನಾಗಿ ಕರೆದು ತೋರಿಸಿದೆ.

ಅವಳು ಮುಟ್ಟಲೂ ಇಲ್ಲ. “ಇವು ಅವನವಲ್ಲ.”

“ಅವನವ ಬೇ.”

“ಕೆಳಗಿಂದು ಅರ್ಧಾನ ಇರತಿತ್ತಲ್ಲೋ. ನಿಮ್ಮಪ್ಪಗ ಉಂಗರದ ಬಳ್ಳ ಪೂರಾ ಎಲ್ಲಿತ್ತು?”

ನಾನು ಸಾಲಿಗೆ ಹೋಗುತ್ತಿದ್ದಾಗ ಮಗ್ಗದ ಗಿಯರಿಗೆ ಸಿಕ್ಕು ಅಪ್ಪನ ಉಂಗುರ ಬೆರಳು ಅರ್ಧ ಹೋಗಿತ್ತು. ಆ ಕೈಯಿಂದ ತುತ್ತು ತಿಂದಿದ್ದೆ, ಏಟೂ ತಿಂದಿದ್ದೆ. ಅಪ್ಪ ಹೋದ ಎರಡೇ ವರ್ಷದಲ್ಲಿ ಅದನ್ನು ಮರೆತಿದ್ದೆ. ಟೇಪ್ ಅಂಟಿಸುವಾಗಲೂ ಆ ಗೀಟುಗಳನ್ನು ಸರಿಯಾಗಿ ನೋಡಿರಲಿಲ್ಲ. ಅಪ್ಪ ಸತ್ತಾಗ ಬಾರದ ಅಳು ಆಗ ಬಂತು.

ಅವ್ವ ಬೈಯಲಿಲ್ಲ. ಇನ್ನೂ ಹಸಿಯಿದ್ದ ನನ್ನ ಗೀಟುಗಳನ್ನು ಬಟ್ಟೆಯಿಂದ ಒರೆಸಿದಳು. ನನ್ನ ಕೈ ಹಿಡಿದು, ಉಂಗುರ ಬೆರಳನ್ನು ನಡುವಿನ ಗಂಟಿಗೆ ಮಡಚಿ, ಮೂರೂ ಬೆರಳನ್ನು ಪೇಂಟಿನಲ್ಲಿ ಅದ್ದಿದಳು.

“ಎಳಿ,” ಎಂದಳು.

ಎಳೆದೆ. ಕೆಳಗಿನ ಗೀಟು ಅರ್ಧಕ್ಕೇ ನಿಂತಿತು. ಅವ್ವ ಡಬ್ಬಿಯತ್ತ ನೋಡಲಿಲ್ಲ. ಮಡಚಿದ ಆ ಬೆರಳನ್ನೇ ನೋಡುತ್ತ, ಬಿಡದೆ ಹಿಡಿದುಕೊಂಡು ಕೂತಿದ್ದಳು.