ಜರಡಿ ಹಿಡಿದ ಮಣ್ಣು

ಮಕ್ಕಳನ್ನು ಮಣ್ಣಿನಲ್ಲಿ ಆಡಿಸುವ ಕೆಲಸ ನನ್ನಿಂದ ಈ ಜನ್ಮದಲ್ಲಿ ಆಗದು ಎಂದು ಮೊದಲು ಹೇಳಿದವರು ನನ್ನ ಸೋದರಮಾವ ಸಿದ್ದೇಗೌಡರು. "ಇವ್ಳಾ? ಕಾಲೇಜ್ ಮೆಟ್ಲು ಹತ್ದಾಗ್ಲಿಂದ ಗದ್ದೆ ಬದ ತುಳ್ದಿಲ್ಲ. ಮಣ್ ಮುಟ್ತಾಳಾ, ಬುಡಿ ಅತ್ಲಾಗೆ" ಎಂದರು. ನನಗೆ ಸಿಟ್ಟು ಬಂತು. ಮಾತು ನಿಜವಾಗಿತ್ತಲ್ಲ, ಅದಕ್ಕೇ.

ನಮ್ಮ ವಂಶದ ಮೊದಲ ಪದವೀಧರೆ ನಾನು. ಇಂಗ್ಲಿಷ್ ಪೇಪರನ್ನು ಮೂರು ಸಲ ಕಟ್ಟಿ ಪಾಸಾದವಳು. ಮುಚ್ಚಿಡುವುದೇನಿದೆ, ಒಂದೇ ಸಲಕ್ಕೆ ಪಾಸಾದವರಿಗಿಂತ ಹೆಚ್ಚು ಓದಿದ್ದೇನೆ. ಶಾಲೆಗೆ ಹೊರಟಾಗ ಅವ್ವನ ಉಪದೇಶ ಒಂದೇ: "ಯೂನಿಫಾರಂ ಮಣ್ ಮಾಡ್ಕೊಂಡ್ ಬಂದ್ರೆ ನಾಳೆಯಿಂದ ಕಳೆ ಕೀಳಾಕ್ ಬಾ." ವಿದ್ಯೆಗೂ ಮಣ್ಣಿಗೂ ಎಣ್ಣೆ-ಸೀಗೆಕಾಯಿ ಸಂಬಂಧ ಎಂದು ನಂಬಿಯೇ ಬೆಳೆದೆ.

ಈಗ ಕಾಲ ತಿರುಗಿದೆ. ಹಿನಕಲ್‌ನಲ್ಲಿ ನಮ್ಮ ಹೊಲಗಳಿದ್ದ ಕಡೆ ಬಡಾವಣೆ ಎದ್ದಿದೆ. ಅಲ್ಲಿನ ಮಕ್ಕಳು ಮಣ್ಣು ನೋಡಲು ವ್ಯಾನ್ ಹತ್ತಿ ಕಡಕೊಳದ ಕಡೆಯ ಮಾವಿನ ತೋಪಿಗೆ ಹೋಗುತ್ತಾರೆ. ಆ ತೋಪೇ ಅವರ ಶಿಶುವಿಹಾರ. ಗೋಡೆ ಇಲ್ಲ, ಬೆಂಚಿಲ್ಲ, ಕಪ್ಪುಹಲಗೆ ಇಲ್ಲ. ನಮ್ಮ ಕಾಲದಲ್ಲಿ ಅಂಥದ್ದನ್ನು ಗತಿಯಿಲ್ಲದ ಶಾಲೆ ಎನ್ನುತ್ತಿದ್ದರು. ಈಗ ಸೀಟಿಗೆ ಶಿಫಾರಸು ಬೇಕು. "ಮಿಸ್, ಮಣ್ಣು ಆರ್ಗ್ಯಾನಿಕ್ ತಾನೆ?" ಎಂದು ಒಬ್ಬ ತಾಯಿ ಕೇಳಿದರು. ಹೌದೆಂದೆ. ಇನ್ನೇನು ಹೇಳಲಿ?

ನಾನು ಅಲ್ಲಿ ಟೀಚರ್. ಬಯಲುಪಾಠದ ಸರ್ಟಿಫಿಕೇಟ್ ಪಡೆದರೆ ಕೆಲಸ ಕಾಯಂ, ಇಲ್ಲವಾದರೆ ವರ್ಷದ ಕೊನೆಗೆ ಮನೆ. ಪರೀಕ್ಷೆ ಸರಳ: ಒಂದು ಗಂಟೆ ಮಕ್ಕಳನ್ನು ಮಣ್ಣಿಗೆ ಬಿಡಬೇಕು, 'ಬೇಡ' ಎನ್ನಬಾರದು. ಓದಿದವಳು ತಯಾರಿಯಿಲ್ಲದೆ ಪರೀಕ್ಷೆಗೆ ಹೋಗುವುದುಂಟೇ? ಎಲ್ಲರಿಗಿಂತ ಮೊದಲೇ ಹೋಗಿ ಮಣ್ಣನ್ನೆಲ್ಲ ಜರಡಿ ಹಿಡಿದೆ. ಅಕ್ಕಿ ಆರಿಸುವ ಹಾಗೆ ಕಲ್ಲು, ಕಡ್ಡಿ, ಗೊದ್ದ ಇರುವೆ ಎಲ್ಲ ಆರಿಸಿದೆ.

ಶಾಲೆಯ ಮುಖ್ಯಸ್ಥೆ ಅಗ್ರಹಾರದ ಹಳೆಯ ಮನೆತನದವರು, ಮೆಲುಮಾತಿನವರು. ಒಂದು ಹಿಡಿ ಎತ್ತಿ ನೋಡಿ, "ಏನ್ರೀ ಸವಿತಾ, ಮಣ್ಣೋ ರವೆಯೋ?" ಎಂದರು.

"ಮಕ್ಕಳಿಗೆ ಚುಚ್ಚೀತು ಅಂತ ಆರಿಸ್ಬಿಟ್ಟೆ, ಮೇಡಂ."

"ಉಪ್ಪಿಟ್ಟಿಗೆ ಚೆನ್ನಾಗಿದೆ. ಒಂದು ತಿಂಗಳು ಬಿಟ್ಟು ಇನ್ನೊಂದ್ಸಲ ಮಾಡಿ."

ಫೇಲು. ರೈತನ ಮಗಳು, ಅದೂ ಮಣ್ಣಿನಲ್ಲಿ. ಮಾವನ ಕಿವಿಗೆ ಬೀಳದಿರಲಿ ಎಂದು ಹರಕೆ ಹೊತ್ತೆ, ಸಂಜೆಯೊಳಗೆ ಬಿತ್ತು.

ಎರಡನೆಯ ಸಲ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಒಂದು ಮಗು ಕೆಸರನ್ನು ತಲೆಗೆ ಎಣ್ಣೆಯಂತೆ ತಿಕ್ಕಿಕೊಂಡಿತು. ಸುಮ್ಮನಿದ್ದೆ. ನಾಲ್ಕು ವರ್ಷದವಳೊಬ್ಬಳು ಎರೆಹುಳು ತಂದು, "ಮಿಸ್, ಹಿಡ್ಕೊಳಿ. ಇವನಿಗೆ ಮನೆ ಕಟ್ಟಿ ಬರ್ತೀನಿ" ಎಂದು ನನ್ನ ಅಂಗೈ ಬಿಡಿಸಿ ಇಟ್ಟುಹೋದಳು. ಮನೆ ಕಟ್ಟಲು ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಆ ತಣ್ಣನೆಯ ಜೀವವನ್ನು ಹಿಡಿದು, ಹಲ್ಲು ಕಚ್ಚಿ, ನಗುತ್ತ ನಿಂತಿದ್ದೆ. ಪಾಸಾದೆ. ಏನೂ ಮಾಡದೆ ನಾನು ಪಾಸಾದ ಪರೀಕ್ಷೆ ಇದೊಂದೇ; ಏನೂ ಮಾಡದಿರುವುದು ಎಷ್ಟು ಕಷ್ಟವೆಂಬುದು ಹಾಗೆ ನಿಂತವರಿಗೇ ಗೊತ್ತು.

ಸರ್ಟಿಫಿಕೇಟ್ ಕೊಡುವ ದಿನ ಅವ್ವನನ್ನೂ ಕರೆದೊಯ್ದೆ. ಒರಟು ಕಾಗದ, ಅದರ ಒಳಗೆಲ್ಲ ತುಳಸಿ ಬೀಜ. "ಗೋಡೆಗೆ ಹಾಕಬೇಡಿ. ಮಣ್ಣಿನಲ್ಲಿ ಹೂಳಿ, ಗಿಡ ಬರುತ್ತೆ" ಎನ್ನುತ್ತ ಮುಖ್ಯಸ್ಥೆ ನನ್ನ ಕೈಗಿತ್ತರು.

ಅವ್ವ ಅದನ್ನು ನನ್ನಿಂದ ಇಸಿದುಕೊಂಡು, ಸೆರಗಿನಲ್ಲಿ ಒರೆಸಿ, ನನಗಷ್ಟೇ ಕೇಳುವಂತೆ ಹೇಳಿದಳು: "ತುಳಸಿ ಸಸಿ ಪಕ್ಕದ್ ಮನೇಲಿ ಕೇಳಿದ್ರೂ ಕೊಡ್ತಾರೆ ಕಣವ್ವ. ಇದ ಯಾರ್ ಕೊಟ್ಟಾರು? ನಡಿ, ಮೊದ್ಲು ಲ್ಯಾಮಿನೇಷನ್ ಮಾಡ್ಸಾನ."