ಮೂಲೆಮನೆ ಅಕ್ಕನ ಕೈಗುಣ

ಮೂಲೆಮನೆ ಅಕ್ಕನ ಬಲಗೈ ಬೇಸಿಗೆ ಪೂರ್ತಿ ಮಣಿಕಟ್ಟಿನ ತನಕ ಕೆಂಪಗಿರುತ್ತಿತ್ತು. ಮೆಣಸಿನಪುಡಿ, ಅರಿಶಿನ, ಎಣ್ಣೆ ಎಲ್ಲ ಉಗುರಿನ ಸಂದಿಗೆ ಇಳಿದು, ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ನಮ್ಮಂಥವರು ಒಂದು ಜಾಡಿ ಉಪ್ಪಿನಕಾಯಿ ಕಲಸಿದರೆ ಕೈ ಉರಿ ತಡೆಯಲಾರದೆ ಮಜ್ಜಿಗೆಯಲ್ಲಿ ಅದ್ದಿಕೊಂಡು ಕೂರಬೇಕು. ಅವಳಿಗೆ ಉರಿ ಅನ್ನುವುದೇ ಇರಲಿಲ್ಲ. ಕಾದ ಒಗ್ಗರಣೆ ಹುಯ್ಯುತ್ತಿದ್ದ ಹಾಗೇ ಕೈ ಹಾಕಿ ಬುಡದಿಂದ ಮೇಲಕ್ಕೆ ತಿರುವಿಬಿಡುತ್ತಿದ್ದಳು. ನೋಡಿದ ಹೆಂಗಸರು, "ಅದು ಅಮ್ಮನೋರು ಕೊಟ್ಟ ಕೈ ಕಣೇ" ಅನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ನಾನು ಮಾರೇನಹಳ್ಳಿಗೆ ಸೊಸೆಯಾಗಿ ಬಂದಾಗ ವಿಜಯನಗರ ಅನ್ನುವ ಬಡಾವಣೆಯ ಹೆಸರೇ ಇರಲಿಲ್ಲ. ಹೊಲ, ಕೆರೆ, ಮಾವಿನ ತೋಪು, ನಡುವೆ ನಮ್ಮ ಊರು. ಅತ್ತ ರಾಜಾಜಿನಗರದಲ್ಲಿ ಹೊಸ ಮನೆಗಳು ಏಳುತ್ತಿದ್ದವು. ಉಪ್ಪಿನಕಾಯಿ ವರ್ಷವೆಲ್ಲ ಕೆಡದೆ ಇರಬೇಕಾದರೆ ಉಪ್ಪು ಬೆರೆಸುವ ಕೈ ಒಳ್ಳೆಯದಿರಬೇಕು ಅಂತ ಊರವರ ನಂಬಿಕೆ. ಮಾವಿನಕಾಯಿ ಹೆಚ್ಚುವುದು, ಒಣಗಿಸುವುದು, ಪುಡಿ ಹುರಿಯುವುದು ಎಲ್ಲ ಮನೆಯವರದೇ ಕೆಲಸ. ಕೊನೆಗೆ ಉಪ್ಪು ಬೆರೆಸಿ ಕಲಸುವುದಕ್ಕೆ ಮಾತ್ರ ಮೂಲೆಮನೆ ಅಕ್ಕ ಬರಬೇಕು. ಅವಳಿಗೆ ಗಂಡ ಸತ್ತು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಮಿಕ್ಕ ತಿಂಗಳೆಲ್ಲ ಅವರಿವರ ಹೊಲದಲ್ಲಿ ಕಳೆ ಕೀಳುವ ಒಬ್ಬ ಹೆಂಗಸು, ಅಷ್ಟೆ. ಮದುವೆ ಮನೆಗೆ ಹೋದರೆ ಹಿಂದೆ ನಿಲ್ಲುವವಳು. ಮಾವಿನ ಕಾಲದಲ್ಲಿ ಅವಳಿಗೆ ಮಣೆ ಹಾಕಿ, "ಬನ್ನಿ, ಕೂತ್ಕೊಳ್ಳಿ" ಅಂತ ಬಹುವಚನ ಹಚ್ಚುತ್ತಿದ್ದರು. ಅವಳು ಬದುಕುತ್ತಿದ್ದದ್ದು ಆ ಮಣೆಗಾಗಿ.

ಬಾಯಿ ಸ್ವಲ್ಪ ಜೋರು. ನನ್ನಂಥ ಹೊಸ ಸೊಸೆಯರನ್ನು ಶ್ರೀಗಂಧದ ಕಾವಲಿನ ಕಡೆ ಕವಳೆಕಾಯಿ ಕೀಳಲು ಕರೆದುಕೊಂಡು ಹೋಗುತ್ತಿದ್ದಳು. ದಾರಿಯಲ್ಲಿ ನೇರಳೆ ಮರ ಕಂಡರೆ ಕುಕ್ಕೆ ಕೆಳಗಿಡಿಸಿ, "ಮೊದ್ಲು ತಿನ್ರೇ. ಮನೆಗೆ ಹೋದ್ಮೇಲೆ ಗಂಡ, ಮಾವ, ಮೈದುನ ಅಂತ ಹಂಚಿ ನಿಮಗೆ ಬೀಜ ಉಳಿಯುತ್ತೆ" ಅನ್ನುವಳು. ನಾಲಿಗೆ ನೀಲಿಯಾಗಿ ಮನೆಗೆ ಹೋದರೆ ಅತ್ತೆಯ ಬೈಗುಳ. ಅಕ್ಕ ಬಾಗಿಲಲ್ಲೇ ನಿಂತು, "ತಿಂದಿಲ್ಲ ಬಿಡಮ್ಮ, ಶಾಯಿ ಕುಡಿದವ್ಳೆ. ನಾಲ್ಕನೇ ಕ್ಲಾಸು ಓದಿದೋಳಲ್ವಾ" ಅನ್ನುತ್ತಿದ್ದಳು.

ಒಂದು ಬೇಸಿಗೆ ರಾಜಾಜಿನಗರದ ಒಂದು ಮನೆಯಿಂದ ಕರೆ ಬಂತು. ಜಾಡಿ ಹೊರುವುದಕ್ಕೆ ನಾನೂ ಹೋಗಿದ್ದೆ. ಉಪ್ಪಿನಕಾಯಿ ಮುಗಿದ ಮೇಲೆ ಆ ಮನೆಯಮ್ಮ ತುರಿದ ಮಾವಿನಕಾಯಿಗೆ ಬೆಲ್ಲ ಹಾಕಿ ಗುಳಂಬ ಕಾಯಿಸುತ್ತಿದ್ದರು. ತಳ ಹತ್ತಿತು ಅಂತ ಅಕ್ಕ ಹಿತ್ತಾಳೆ ಪಾತ್ರೆಯನ್ನು ಬರಿಗೈಯಲ್ಲೇ ಇಳಿಸಿದಳು. ಇಳಿಸಿ, ಬೆಲ್ಲ ಯಾವ ಅಂಗಡಿಯದು ಅಂತ ವಿಚಾರಿಸುತ್ತಾ ನಿಂತಳು. ಅಂಗೈ ಚರ್ಮ ಪಾತ್ರೆಗೆ ಅಂಟಿಕೊಂಡಿತ್ತು. ನಾನು ನೋಡಿದೆ. ಮನೆಯಮ್ಮ ನೋಡಿದರು. ಅವಳು ಮಾತಾಡುತ್ತಲೇ ಇದ್ದಳು.

ಆ ಮನೆಯ ಅಳಿಯ ಡಾಕ್ಟರು, ಹಬ್ಬಕ್ಕೆ ಬಂದಿದ್ದರು. ಅವಳನ್ನು ಕೂರಿಸಿ, ಕೈಗೆ ಬಟ್ಟೆ ಸುತ್ತಿ, ಮುಂಗೈಯಲ್ಲಿದ್ದ ಬಿಳಿ ಮಚ್ಚೆ ನೋಡಿ, "ಕಣ್ಣು ಮುಚ್ಕೊಳ್ಳಿ. ಪಿನ್ನು ಚುಚ್ಚಿದ ತಕ್ಷಣ ಹೇಳಿ" ಅಂದರು. ಅವಳು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. ಅವರು ಚುಚ್ಚಿದರು. ಪಕ್ಕದಲ್ಲಿ ಮತ್ತೆ ಚುಚ್ಚಿದರು. ರಕ್ತದ ಬೊಟ್ಟು ಕಾಣಿಸಿಕೊಂಡಿತು.

"ಚುಚ್ಚಿ ಸ್ವಾಮಿ, ನಾನೇನು ಹೆದರ್ಕೊಳ್ಳಲ್ಲ" ಅಂದಳು.

ಕುಷ್ಠ ಅಂತ ಅವರು ಮೆಲ್ಲಗೆ ಹೇಳಿದರು. ಈಗ ಮಾತ್ರೆ ಬಂದಿದೆ, ವಾಸಿಯಾಗುತ್ತದೆ, ಕಲಸಿದ್ದನ್ನು ತಿಂದವರಿಗೆ ಏನೂ ಆಗುವುದಿಲ್ಲ ಅಂತಲೂ ಹೇಳಿದರು. ಕೊನೆಯ ಮಾತು ಆ ಮನೆಯಮ್ಮನ ಕಿವಿಗೇ ಬೀಳಲಿಲ್ಲ. ನಾವು ಮೆಟ್ಟಿಲು ಇಳಿಯುವಷ್ಟರಲ್ಲಿ ಹಿಂದೆ ಜಾಡಿ ಬರಿದು ಮಾಡುವ ಸದ್ದು ಕೇಳಿಸಿತು.

ದಾರಿಯಲ್ಲಿ ಅವಳು ಒಂದೇ ಮಾತು ಆಡಿದಳು. "ಊರಲ್ಲಿ ಹೇಳ್ಬೇಡ ಕಣೇ. ಈ ಸಲದ್ದು ಇನ್ನೂ ನಾಲ್ಕು ಮನೆ ಉಳಿದೈತೆ."

ನಾನು ಹೇಳಲಿಲ್ಲ. ಆ ಮನೆಗೆ ಹಾಲು ಹಾಕುವವನು ನಮ್ಮೂರಿನವನೇ, ಅವನು ಹೇಳಿದ. ಮಾರನೆಯ ದಿನ ಬೆಳಗ್ಗೆ ಊರ ಹೆಂಗಸರೆಲ್ಲ ಜಾಡಿ ಹೊತ್ತು ಕೆರೆಯ ಕೆಳಗಿನ ಹಳ್ಳಕ್ಕೆ ಹೋದರು. ವರ್ಷದ ಉಪ್ಪಿನಕಾಯಿ ಅಷ್ಟೂ ಅಲ್ಲಿ ಬಿತ್ತು. ನಾಯಿ ಬಂದು ಮೂಸಿ ಹೋಯಿತು. ಆಮೇಲೆ ಜಾಡಿಗಳನ್ನು ಬೂದಿ ಹಾಕಿ ಉಜ್ಜಿ ಗೋಡೆ ಮೇಲೆ ಬೋರಲು ಹಾಕಿದರು. ಅಕ್ಕ ತನ್ನ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಅಳಲಿಲ್ಲ. "ಹೋಳು ಇನ್ನೂ ಉಪ್ಪು ಹಿಡಿದಿರಲಿಲ್ಲ" ಅಂದಳು.

ನಮ್ಮ ಮನೆಯಲ್ಲಿ ಮಾತ್ರ ಎಸೆಯಲಿಲ್ಲ. ದೊಡ್ಡ ಮನಸ್ಸು ಅಂತ ತಿಳಿಯಬೇಡಿ. ಮುದ್ದೆಗೆ ನಂಚಿಕೊಳ್ಳಲು ಬೇರೆ ಇರಲಿಲ್ಲ. ನಮ್ಮ ಅತ್ತೆ, "ಹೋದ್ವರ್ಷದ್ದು ಹೊಟ್ಟೆಗೆ ಹೋಗೈತಲ್ಲ, ಅದನ್ನೂ ಹಳ್ಳಕ್ಕೆ ಹಾಕಿ ಬರೋಣ್ವಾ" ಅಂದರು. ತಿಂದೆವು. ಯಾರಿಗೂ ಏನೂ ಆಗಲಿಲ್ಲ.

ಅವಳು ಆಸ್ಪತ್ರೆ ಸೇರಿದಳು. ವಾಸಿಯಾಗಿ ಬಂದಾಗ ಮತ್ತೆ ಮಾವಿನ ಕಾಲ. ಎರಡು ಬೆರಳು ಮಡಿಚಿಕೊಂಡೇ ಉಳಿದಿದ್ದವು. ಬೆಳಗ್ಗೆ ಎದ್ದು ಸ್ನಾನ ಮಾಡಿ, ಒಗೆದ ಸೀರೆ ಉಟ್ಟು ಬಾಗಿಲಲ್ಲಿ ಕೂರುತ್ತಿದ್ದಳು. ಎಲ್ಲ ಮನೆಯಿಂದಲೂ ಸಾಸಿವೆ ಹುರಿಯುವ ವಾಸನೆ ಬರುತ್ತಿತ್ತು. ಒಬ್ಬರೂ ಕರೆಯಲಿಲ್ಲ. ನಾನು ನಮ್ಮ ಅತ್ತೆಯನ್ನು ಕೇಳಿದೆ. "ತಿನ್ನೋದು ಬೇರೆ, ಕರೆಯೋದು ಬೇರೆ. ನಿನ್ನ ನಾದಿನಿ ಮದುವೆ ಆಗ್ಬೇಡ್ವಾ" ಅಂದರು. ಅದೂ ನಿಜವೇ.

ಕಾದು ಕಾದು ಅವಳೇ ಬಂದಳು, ಒಳಗಲ್ಲ, ನಮ್ಮ ಹಿತ್ತಿಲ ಬೇಲಿಯ ಆಚೆಗೆ. ಕೈ ಎರಡನ್ನೂ ಸೆರಗಿನೊಳಗೆ ಮುಚ್ಚಿಕೊಂಡು ನಿಂತು, "ಕೈ ಬೇಡ ಅಂದ್ರಲ್ಲ, ಬಾಯಿ ಆದ್ರೂ ತಗೋ" ಅಂದಳು. ಅವತ್ತಿನಿಂದ ಬೇಸಿಗೆ ಬಂದರೆ ಅವಳು ಬೇಲಿಯಾಚೆ, ನಾನು ಈಚೆ. ಹೋಳಿನಲ್ಲಿ ಒಂದು ಹನಿ ನೀರು ಇದ್ದರೂ ಬಯ್ಯುವಳು. "ಉಪ್ಪು ಹುರಿದ್ಯಾ? ಹಸಿ ಉಪ್ಪು ಹಾಕಿ ಆಮೇಲೆ ನನ್ನ ಹೆಸರು ಹೇಳ್ಬೇಡ." ಕವಳೆಕಾಯಿಯ ಹಾಲು ತೆಗೆಯುವುದು, ಮಾವಿನಹಣ್ಣಿನ ರಸವನ್ನು ಚಾಪೆ ಮೇಲೆ ಹುಯ್ದು, ಒಣಗಿದ ಮೇಲೆ ಮತ್ತೆ ಹುಯ್ದು ಹಪ್ಪಳ ಮಾಡುವುದು, ಎಲ್ಲ ಬೇಲಿಯ ಮೇಲಿಂದಲೇ ಕಲಿತದ್ದು. ನನಗೆ ಬರುವ ಅಡುಗೆಯಲ್ಲಿ ಬಾಳುವಂಥದ್ದೆಲ್ಲ ಅವಳದೇ. ನಮ್ಮ ಅತ್ತೆ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದರು, ಬೇಡ ಅನ್ನಲಿಲ್ಲ.

ಕೆಲವು ಬೇಸಿಗೆ ಹೀಗೇ ಕಳೆದವು. ಆಮೇಲೆ ಒಂದು ಸಲ ಅವಳು ಬೇಲಿಗೆ ಬರಲಿಲ್ಲ. ಜ್ವರ ಅಂದರು. ಜನ ಗಂಜಿಯನ್ನು ಹೊಸ್ತಿಲಲ್ಲಿಟ್ಟು ಹೋಗುತ್ತಿದ್ದರು, ಕಾಗೆ ಕುಡಿಯುತ್ತಿತ್ತು. ನಾನು ತೋಪಿನ ಹಣ್ಣು ಒಂದಷ್ಟು ತೆಗೆದುಕೊಂಡು ಒಳಗೇ ಹೋದೆ. ಅವಳ ಬೆರಳಿಗೆ ಹಿಡಿಯಲು ಆಗುತ್ತಿರಲಿಲ್ಲ. ಒಂದನ್ನು ಹಿಸುಕಿ ಬಾಯಿಗೆ ಹಿಂಡಿದೆ. ಚಪ್ಪರಿಸಿ ನೋಡಿ, "ಹುಳಿ ಐತೆ. ತಿನ್ನೋಕೆ ಲಾಯಕ್ಕಿಲ್ಲ, ಹಪ್ಪಳಕ್ಕೆ ಹಾಕು" ಅಂದಳು.

"ನಾಳೆ ಹಾಕ್ತೀನಿ."

"ನಾಳೆಗೆ ಕೊಳೆಯುತ್ತೆ. ಬೇಗ ಹಾಕು."

ಮಾರನೆಯ ಬೆಳಗ್ಗೆ ಅವಳು ಹೋಗಿದ್ದಳು. ಬ್ಯಾಡರಹಳ್ಳಿಯಿಂದ ಅವಳ ತಮ್ಮ ಬಂದು ಮಣ್ಣು ಮಾಡಿದ. ಮಣ್ಣು ಹಾಕಲು ಊರಿನಿಂದ ನಾಲ್ಕೈದು ಜನ ಹೋದರು. ಅವಳು ನಮಗೆ ನೆಂಟಳಲ್ಲ, ಆದ್ದರಿಂದ ಸೂತಕವಿರಲಿಲ್ಲ. ತಲೆಗೆ ನೀರು ಹಾಕಿಕೊಂಡು ಬಂದು ಉಳಿದ ಹಣ್ಣಿನ ರಸ ತೆಗೆದು ಚಾಪೆಗೆ ಹುಯ್ದೆ. ಬಿಸಿಲು ಚೆನ್ನಾಗಿತ್ತು.

ಒಣಗಿದ ಮೇಲೆ ಕತ್ತರಿಸಿ ಮನೆಮನೆಗೂ ಕೊಟ್ಟು ಬಂದೆ. ಮೂಲೆಮನೆ ಅಕ್ಕ ಹೇಳಿಕೊಟ್ಟದ್ದು ಅಂತ ಹೇಳಿಯೇ ಕೊಟ್ಟೆ. ಕೆಲವರು ಮಾತಾಡದೆ ತೆಗೆದುಕೊಂಡರು. ಒಂದು ಮನೆಯವರು ವಾಪಸು ಕಳಿಸಿದರು. ಅದನ್ನು ನಾವೇ ತಿಂದೆವು.