ಉಡದಾರದ ಚಾವಿ

ಮಹಾರಾಷ್ಟ್ರದ ಸಂಭಾಜಿನಗರದ ಹೊರವಲಯದ ಸರ್ಕಾರಿ ಆಸ್ಪತ್ರೆಯಲ್ಲಿ ನಾನು ನರ್ಸಾಗಿದ್ದಾಗ, ವಿಜಯಪುರದ ಕಡೆಯ ಸ್ಟೋರ್‌ಕೀಪರ್ ಒಬ್ಬರು ಔಷಧಿ ಕಪಾಟಿನ ಚಾವಿಯನ್ನು ಉಡದಾರಕ್ಕೆ ಕಟ್ಟಿಕೊಂಡಿರುತ್ತಿದ್ದರು. ನಶೆಗಾಗಿ ನೋವಿನ ಗುಳಿಗೆ ಅತಿಯಾಗಿ ನುಂಗಿ ಉಸಿರು ಕಟ್ಟಿದವರನ್ನು ಬದುಕಿಸುವ ಇಂಜೆಕ್ಷನ್ ಇನ್ನು ಪ್ರತಿ ವಾರ್ಡಿನಲ್ಲೂ ಇರಲೆಂದು ಆದೇಶ ಬಂತು. ಅವರು ಕೊಡಲಿಲ್ಲ.

"ಸರ್ಕಾರದ ರೊಕ್ಕರಿ, ಸಿಸ್ಟರ್. ವಾರ್ಡಿನ್ಯಾಗ ಇಟ್ರ ಡೇಟ್ ಮುಗದು ಹಾಳಾಗ್ತಾವ್ರಿ" ಎನ್ನುತ್ತ ಅಂಗಿಯ ಮೇಲಿಂದಲೇ ಚಾವಿ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಅವರು ಊಟಕ್ಕೆ ಮನೆಗೆ ಹೋಗಿದ್ದಾಗ, ಹಾಗೆಯೇ ಗುಳಿಗೆ ನುಂಗಿ ಉಸಿರು ಕಟ್ಟಿದ, ಗಾರೆ ಕೆಲಸದ ಗೌಂಡಿಯೊಬ್ಬನನ್ನು ಅವನ ಹೆಂಡತಿ ಆಟೋದಲ್ಲಿ ತಂದಳು. ಕಪಾಟಿನ ಬೀಗ ಒಡೆಯುವ ಧೈರ್ಯ ನನಗಾಗಲಿಲ್ಲ, ಸ್ಟೋರ್‌ಕೀಪರ್‌ಗೆ ಫೋನ್ ಮಾಡಿದೆ. ಎಂಜಲುಗೈಯಲ್ಲೇ ಓಡಿಬಂದರು. ಅಷ್ಟರಲ್ಲಿ ನಾನು ಅವನ ಮುಖ ಮುಚ್ಚಿದ್ದೆ.

ಮರುವರ್ಷ ಡೇಟ್ ಮುಗಿದ ಆ ಇಂಜೆಕ್ಷನ್‌ಗಳ ಪೆಟ್ಟಿಗೆಯನ್ನು ಎಸೆಯಲು ನನ್ನ ಕೈಗೇ ಕೊಟ್ಟರು. ಅದರ ಸೀಲು ಕೂಡ ಒಡೆದಿರಲಿಲ್ಲ.

"ಸರ್ಕಾರದ ರೊಕ್ಕರಿ" ಎಂದರು.